ಮರೆತ ಮೂರನೇ ಸಾಲು

ಲಕ್ವ ಹೊಡೆದಾಗ ಬ್ಯಾಟರಾಯನಪುರದ ಮುನಿಕೃಷ್ಣಮ್ಮನ ಕೈಕಾಲು ಹೇಗೋ ಉಳಿದುಕೊಂಡವು, ಮಾತು ಮಾತ್ರ ಹೋಯಿತು. ನೀರು ಬೇಕೆನ್ನುವುದು ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು. ಬಾಯಿ ತೆರೆದರೆ ‘ಬಾ, ಬಾ’ ಅಷ್ಟೇ. ಸೊಸೆ ಯಶೋಧಾ ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಈ ವಯಸ್ಸಿನಲ್ಲಿ ಅ ಆ ಇ ಈ ಹೇಳಲು ನಾಚಿಕೆಯಾಗಿ ಮುದುಕಿ ತುಟಿ ಬಿಗಿದು ಕೂತಳು. ಆಮೇಲೆ ಯಾರಾದರೂ ನೋಡಲು ಬಂದರೆ ಗೋಡೆ ಕಡೆ ಹೊರಳಿ ಮಲಗುವುದೇ ಆಯಿತು.

ಒಂದು ಮಧ್ಯಾಹ್ನ ಗಂಗಾನಗರದಿಂದ ಅಮೀನಾ ಬಂದಳು. ಈಗ ಲೇಔಟ್ ಆಗಿರುವ ಹೊಲದಲ್ಲಿ ಇಬ್ಬರೂ ಒಟ್ಟಿಗೆ ರಾಗಿಯ ಕಳೆ ಕಿತ್ತವರು. ಹೇಗಿದ್ದೀಯ ಎಂದು ಅವಳು ಕೇಳಲಿಲ್ಲ. ಯಶೋಧಾ ಇಟ್ಟಿದ್ದ ಅವರೆಕಾಯಿಯ ಮೊರ ಎಳೆದುಕೊಂಡು, ಸುಲಿಯುತ್ತ ಹಳೆಯದೊಂದು ಪದ ಗುನುಗತೊಡಗಿದಳು. ಅವಳ ಗಂಡ ತೀರಿಕೊಂಡ ವರ್ಷ, ಅವಳಿಗೋಸ್ಕರವೇ ಮುನಿಕೃಷ್ಣಮ್ಮ ರಾಗಿ ಸಾಲಿನ ಮಧ್ಯೆ ಬಗ್ಗಿದಲ್ಲೇ ಕಟ್ಟಿದ ಪದ ಅದು.

‘ಮುಗಿಲು ಮುನಿದಾರೆ ಮುನಿಯಲಿ, ನನ ತಂಗಿ,
ಬಗಲಾಗೆ ನಾನು ಇರುವಾಗ...’

ಅಲ್ಲಿಗೆ ಅಮೀನಾಳಿಗೆ ಮರೆತುಹೋಯಿತು. ಅವರೆಕಾಯಿ ಕೈಯಲ್ಲಿ ಹಿಡಿದೇ ಯೋಚಿಸಿದಳು. ಮುನಿಕೃಷ್ಣಮ್ಮ ಕಾಯಲಿಲ್ಲ. ಗೋಡೆ ಕಡೆಯಿಂದಲೇ ರಾಗ ಎದ್ದಿತು:

‘ಒಣನೆಲವು ನಗಲಾರದೇನೆ ನಾಳೀಕೆ.’

ಅಡುಗೆಮನೆಯಿಂದ ಯಶೋಧಾ ಓಡಿಬಂದಳು. ಅಮೀನಾ ಮೊರ ಪಕ್ಕಕ್ಕಿಟ್ಟು, “ಇನ್ನೊಂದ್ಸಲ ಯೋಳಕ್ಕ,” ಎಂದಳು. ಮುನಿಕೃಷ್ಣಮ್ಮ ಇನ್ನೊಂದು ಸಲ ಹಾಡಿದಳು, ಮತ್ತೂ ಒಂದು ಸಲ. ಅಮೀನಾ ಎಂದು ರಾಗವಿಲ್ಲದೆ ಬರಿದೇ ಕರೆಯಲು ಹೋದರೆ ಮಾತ್ರ ನಾಲಿಗೆ ತೊಡರಿತು. ಆಗ ಅಮೀನಾಳೇ ತನ್ನ ಹೆಸರನ್ನು ಆ ರಾಗಕ್ಕೆ ಹಾಕಿ ಕೊಟ್ಟಳು. ಅಕ್ಕ ಹಾಡಿ ಕರೆದಳು. ಇಬ್ಬರ ಕಣ್ಣೂ ತುಂಬಿದವು.

ಹಾಡು ಉಳಿದವರಿಗೆ ಮಾತೂ ಒಮ್ಮೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ, ಬಿಡಬೇಡಿ ಎಂದರು ಡಾಕ್ಟರಮ್ಮ. ಅಮೀನಾ ಬರುತ್ತಲೇ ಇದ್ದಳು. ಮನೆಯಲ್ಲಿ ನೀರು, ಟವಲ್ಲು, ಫ್ಯಾನು ಎಲ್ಲಕ್ಕೂ ರಾಗ ಬಂತು. ನೋಡಲು ಬಂದವರ ಎದುರು ಮುನಿಕೃಷ್ಣಮ್ಮ ಎದ್ದು ಕೂರತೊಡಗಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ, ಒಂದು ದಿನ ಊಟಕ್ಕೆ ಕೂತವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ಮುಖ ಸಿಂಡರಿಸಿದಳು. ಬಿಪಿ ಅಂತ ಯಶೋಧಾ ಉಪ್ಪು ಕಡಿಮೆ ಹಾಕುತ್ತಿದ್ದಳು. ಮುದುಕಿ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, ಯಾರೂ ಕೇಳಿರದ ಹೊಸ ಪದವನ್ನೇ ತೆಗೆದಳು:

‘ಉಪ್ಪಿಲ್ದ ಸಾರು ಉಣಲಾರೆ, ನನ ಸೊಸೆಯೆ,
ತಪ್ಪೇನು ಮಾಡ್ತು ನಾಲಿಗೆ?’

ಯಶೋಧಾ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಡಾಕ್ಟರಿಗೆ ಹೇಳಬಾರದೆಂದು ಮಾತು ತೆಗೆದುಕೊಂಡು, ಎದ್ದು ಹೋಗಿ ಒಂದೇ ಒಂದು ಚಿಟಿಕೆ ಉಪ್ಪು ತಂದು ಹಾಕಿದಳು.