ಅವ್ವ ಕೊಟ್ಟು ಬಂದ ಹಾಜರಿ

ಈಗಿನವ್ರು ಸೋಮವಾರ ಅಂದ್ರ ಸಾಕು, ಮಾರಿ ಗಂಟು ಹಾಕ್ಕೋತಾರ. ನಮಗೂ ಸೋಮವಾರ ಮೈ ಏಳ್ತಿರಲಿಲ್ಲ ಬಿಡ್ರಿ, ಆದ್ರ ನಮ್ಮ ಕಾರಣ ಬ್ಯಾರೆ. ನಮ್ಮ ಮುದನಾಳದಾಗ ಸೋಮವಾರ ಬಸವಣ್ಣನ ವಾರ. ಅವತ್ತ ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ. ಇಟ್ಟವನ ಮನಿ ಮುಂದ ಊರಿಗೂರ ನಿಂತು ಬೈತಿತ್ತು. ನಮ್ಮಪ್ಪ ಲಿಂಗಣ್ಣಂತೂ ಈ ಮಾತಿನಾಗ ಭಾಳ ಗಟ್ಟಿ. ನಸುಕಿನ್ಯಾಗ ಎದ್ದು ಎತ್ತಿನ ಮೈ ತೊಳದು, ಹಣಿಗೆ ವಿಭೂತಿ ಹಚ್ಚಿ, ಹಸಿ ಮೇವು ಹಾಕಿ, ಆಮ್ಯಾಲ ತಾನೂ ಕಟ್ಟಿ ಮ್ಯಾಲ ಕಾಲು ಚಾಚಿ ಕುಂದರತಿದ್ದ.

ನಾ ಯಾದಗಿರಿ ಸಾಲಿಗೆ ಹೋಗತಿದ್ದೆ. ಅಪ್ಪ ದಿನಾ ಬದನಿಕಾಯಿ, ಮೆಂತೆಪಲ್ಯ ತುಂಬ್ಕೊಂಡು ಪ್ಯಾಟಿಗೆ ಬಂಡಿ ಹೊಡೀತಿದ್ದ. ಬುಟ್ಟಿಗಳ ನಡುವ ನನಗೊಂದು ಜಾಗಾ. ಅಯ್ಯ, ಆ ಬಂಡಿ! ಈಗ ಕಾರಿನ್ಯಾಗ ಕುಂತ್ರ ಹೊಟ್ಟಿ ತೊಳಸ್ತದ. ಆಗ ಗಾಲಿ ಕಲ್ಲಿಗೆ ಬಡದು ಹಾರಿ ಬಿದ್ರೂ ನಗು ಬರ್ತಿತ್ತು. ತೊಯ್ದ ಮೆಂತೆಪಲ್ಯದ ವಾಸನಿ ಎಲ್ಲ್ಯಾರ ಬಂದ್ರ ಇವತ್ತಿಗೂ ನಾ ನಿಂತ ಜಾಗಾದಾಗ ನಿಂದರತೀನಿ.

ನಿಜಾಮನ ಕಾಲದಾಗ ಸಾಲಿಗೆ ಶುಕ್ರವಾರ ಸೂಟಿ. ಪೊಲೀಸ್ ಆಕ್ಷನ್ ಆತು, ರಾಜ್ಯ ಬದಲಾತು, ಸೂಟಿ ಐತವಾರಕ್ಕ ಬಂತು. ನನಗ ಹಬ್ಬ! ಐತವಾರ ಸರ್ಕಾರದ ಸೂಟಿ, ಸೋಮವಾರ ಬಸವಣ್ಣನ ಸೂಟಿ. ಬಂಡಿ ಇಲ್ಲ ಅಂದಮ್ಯಾಲ ಸಾಲಿ ಎಲ್ಲಿದು?

ಆದ್ರ ಸಾಲಿಗೆ ಬಸವಣ್ಣನ ಸೂಟಿ ಇರಲಿಲ್ಲ. ನಮ್ಮ ನಸೀರುದ್ದೀನ ಮಾಸ್ತರ್ರು ಯಾದಗಿರಿಯವ್ರ. ಕನ್ನಡ ನಮ್ಮಂಗ ಮಾತಾಡ್ತಿದ್ರು, ಆದ್ರ ಕಲ್ತಿದ್ದೆಲ್ಲ ಉರ್ದು. ಸಾಲಿ ಕನ್ನಡಕ್ಕ ತಿರಿಗಿದ ಮ್ಯಾಲ ಅವರೂ ಅಕ್ಷರ ತಿದ್ದಬೇಕಾತು. ಐತವಾರ ದಿನವಿಡೀ ಕುಂತು ತಾವು ಕಲ್ತಿದ್ದನ್ನ ಸೋಮವಾರ ನಮಗ ಹೇಳ್ತಿದ್ರು. ಹೊಸ ಪಾಠ ಎಲ್ಲ ಸೋಮವಾರನ, ಒಲಿ ಮ್ಯಾಲಿಂದ ಇಳಿಸಿದ ಬಿಸಿ ರೊಟ್ಟಿ ಇದ್ದಂಗ. ಮಂಗಳವಾರ ಹೋದ ನನಗ ಏನೂ ತಿಳೀತಿರಲಿಲ್ಲ. ಬಾಯಿ ತಕ್ಕೊಂಡು ಕುಂದರತಿದ್ದೆ. ವಾರ ಪೂರ್ತಿ ಹಂಗ ಹೋಗ್ತಿತ್ತು.

ಒಂದು ಶನಿವಾರ ಮಾಸ್ತರ್ರು ಪ್ಯಾಟ್ಯಾಗ ಅಪ್ಪನ ಬಂಡಿ ಹತ್ತರನ ಬಂದ್ರು.

"ಲಿಂಗಣ್ಣ, ನಿನ್ನ ಮಗಳು ಸೋಮವಾರ ಬರಲ್ಲ. ಮ್ಯಾಲಿನವ್ರು ನನ್ನ ಕೇಳ್ತಾರಪ್ಪ. ಈ ಸೋಮವಾರನೂ ಬರಲಿಲ್ಲಂದ್ರ ಹೆಸರು ತಗೀಬೇಕಾಗ್ತದ."

"ಎತ್ತು ಹೂಡಂಗಿಲ್ರಿ ಮಾಸ್ತರ್ರ. ನಾನರ ಏನು ಮಾಡ್ಲಿ?"

"ಎತ್ತಿಗೆ ನಾ ಎಲ್ಲಿ ಬಾ ಅಂದೆ? ಹುಡುಗಿಗೆ ಬಾ ಅಂದೀನಿ."

ಮನಿಗೆ ಬಂದು ಅಪ್ಪ ಇದನ್ನ ಹೇಳಿದ್ದ ತಡ, ನಮ್ಮವ್ವ ಗೊಲ್ಲಾಳಮ್ಮ ಹಿಟ್ಟಿನ ಕೈಲೆ ಎದ್ದು ಬಂದ್ಲು. "ಹೆಸರು ತಗೀತಾರಂದ್ರ? ನನ್ನ ಮಗಳು ನನ್ನಂಗ ಮಂದಿ ಕಾಳು ಹಸನ ಮಾಡ್ಕೋಂತ ಸಾಯಬೇಕೇನು? ನಾ ನಡಕೋಂತ ಕರ್ಕೊಂಡು ಹೋಗ್ತೀನಿ." ಅಪ್ಪ ಏನೋ ಅನ್ನಾಕ ಹೋದ. ಅಕಿ ಮಾರಿ ನೋಡಿ ಎತ್ತಿಗೆ ಮೇವು ಹಾಕಾಕ ಎದ್ದ.

ಮರುದಿನ ಐತವಾರ ಹೊಲದ ಬದುವಿನ್ಯಾಗ ಪುಂಡಿಪಲ್ಯ ಹರಿಯಾಕ ಹೋದಾಗ ನನ್ನ ಹಿಮ್ಮಡಕ್ಕ ಜಾಲಿಮುಳ್ಳು ಹೊಕ್ಕು ಒಳಗ ಮುರೀತು. ಸಂಜಿ ಅನ್ನೂದ್ರಾಗ ಕಾಲು ಬಾತು ಕುಂತಿತು. ಅವ್ವ ಅರಿಶಿಣ ಎಣ್ಣಿ ಕಾಸಿ ಕಟ್ಟಿದ್ಲು. ನಾ ಬ್ಯಾನಿಗೆ ಅಳ್ತಿದ್ದೆ ಖರೆ, ಒಳಗೊಳಗ ಖುಷಿನೂ ಇತ್ತು. ಇನ್ನ ಯಾರು ನಡಸ್ತಾರ ನನ್ನ?

"ಹೆಸರು ಹೋದ್ರ ಹೋಗ್ಲಿ ಬಿಡವ್ವ" ಅಂದೆ. ಅವ್ವ ಕಟ್ಟು ಇನ್ನಷ್ಟು ಬಿಗಿ ಮಾಡಿದ್ಲು.

ಸೋಮವಾರ ಎದ್ದು ನೋಡ್ತೀನಿ, ಅವ್ವ ಇಲ್ಲ. ಒಲಿ ಹಚ್ಚಿಲ್ಲ, ನೀರು ತಂದಿಲ್ಲ. ಅಪ್ಪ ಬಾವಿ ಕಡಿ ಹೋಗಿ ಕೇಳಿದ, ಓಣ್ಯಾಗ ಕೇಳಿದ. ಬಾಜೂ ಮನಿ ರೇಣಮ್ಮ, "ನಸುಕಿನ್ಯಾಗ ಹೊಸಾ ಸೀರಿ ಉಟ್ಕೊಂಡು ಯಾದಗಿರಿ ದಾರಿ ಹಿಡದಿದ್ಲಪ್ಪ. ತವರಮನಿಗೆ ಹೋದ್ಲೇನೋ ಅಂದ್ಕೊಂಡೆ" ಅಂದ್ಲು. ಅಪ್ಪನ ಮಾರಿ ಬಿಳಿಚಿ ಹೋತು.

"ನಾ ಏನರ ಅಂದ್ನೇನೇ ಸೂಗಿ, ಅಕಿಗೆ?" ಅಂತ ನನ್ನ ಕೇಳಿದ.

ಹಸಿವು ಯಾರಿಗೂ ಬಿಡಂಗಿಲ್ಲ ನೋಡ್ರಿ. ಅಪ್ಪ ತಾನ ನೀರು ತಂದ, ಹಿಟ್ಟು ನಾದಿದ. ಅವನ ರೊಟ್ಟಿ ಕೈಯಾಗ ಹರೀತು, ಹಂಚಿನ ಮ್ಯಾಲ ಸುಟ್ಟು ಕರಿ ಆತು. ಬೆರಳು ಸುಟ್ಕೊಂಡು ಹಾಳಾದ ಒಲಿಗೆ ಬೈದ. ಶೆಗಣಿ ಬಳದು, ಕಸ ಹೊಡದು, ಮತ್ತ ನೀರಿಗೆ ಹೋದ. ಅವತ್ತ ಕಟ್ಟಿ ಮ್ಯಾಲ ಕುಂದರಾಕ ಅವನಿಗೆ ಹೊತ್ತ ಸಿಗಲಿಲ್ಲ. ಎತ್ತು ಮಾತ್ರ ಆರಾಮ ಮೆಲುಕು ಹಾಕ್ಕೋಂತ ಮಲಗಿದ್ವು.

ಹೊತ್ತು ಇಳ್ಯಾಗ ಅವ್ವ ಬಂದ್ಲು. ಕಾಲೆಲ್ಲ ಧೂಳು, ಆದ್ರ ಮಾರಿ ಮ್ಯಾಲ ನಾ ಎಂದೂ ನೋಡದ ಒಂದು ಕಳೆ.

"ಎಲ್ಲಿ ಹೋಗಿದ್ದಿ?" ಅಪ್ಪ ಕೂಗಿದ. ಸಿಟ್ಟೋ, ಜೀವ ಬಂತೋ, ಅವನಿಗ ತಿಳೀತಿರಲಿಲ್ಲ.

"ಸಾಲಿಗೆ. ಸೂಗಿ ಬದ್ಲಿ ಹಾಜರಿ ಕೊಡಾಕ."

ಅಪ್ಪ, ನಾ ಇಬ್ರೂ ಪಿಳಿಪಿಳಿ ನೋಡಿದ್ವಿ. ನಗಬ್ಯಾಡ್ರಿ. ಅವ್ವಗ ಹಾಜರಿ ಅಂದ್ರ ಜಹಗೀರದಾರನ ವಾಡೆದ ಹಾಜರಿ. ಆಗ ಮನಿಗೊಬ್ರು ಬಿಟ್ಟಿ ದುಡಿಯಾಕ ಹೋಗಬೇಕಿತ್ತು, ಕೂಲಿ ಇಲ್ಲ, ಹೊಟ್ಟಿಗೊಂದು ತುತ್ತು ನ್ಯಾರಿ ಇಲ್ಲ. ಹೆಸರು ಕೂಗಿದಾಗ ಮನಿಯಿಂದ ಯಾರರ ಒಬ್ರು "ಹಾಜರ್" ಅಂದ್ರ ಆತು. ನಾ ಹುಟ್ಟಿದಾಗ ಅವ್ವ ಬಾಣಂತಿ, ಅಕಿ ಬದ್ಲಿ ನಮ್ಮಜ್ಜಿ ಹೋಗಿದ್ಲು. ಸರ್ಕಾರದ ಸಾಲಿನೂ ಹಂಗ ಅಂತ ಅಕಿ ತಿಳ್ಕೊಂಡಿದ್ಲು.

"ಮಾಸ್ತರ್ರು ಸೂಗಮ್ಮ ಅಂತ ಕೂಗಿದ್ರು" ಅಂತ ಅವ್ವ ಹೇಳಾಕ ಹತ್ತಿದ್ಲು. "ನಾ ಬಾಗಲದಾಗ ನಿಂತು ಹಾಜರ್ ಅದೀನ್ರಿ ಅಂದೆ. ಹುಡುಗ್ರು ಬಿದ್ದು ಬಿದ್ದು ನಕ್ಕವು. ಮಾಸ್ತರ್ರು ನಗಲಿಲ್ಲಪ್ಪ. ನೀನ್ಯಾರಮ್ಮ ಅಂದ್ರು. ಮಗಳ ಕಾಲಿಗೆ ಮುಳ್ಳು ಹೊಕ್ಕದ್ರಿ, ಅಕಿ ಬದ್ಲಿ ನಾ ಬಂದೀನ್ರಿ, ಕೆಲಸ ಹೇಳ್ರಿ, ಕಸ ಹೊಡೀಲೋ, ನೀರು ತುಂಬ್ಲೋ ಅಂದೆ."

"ಏನಂದ್ರು?" ಅಪ್ಪ ಕೇಳಿದ.

"ಇಲ್ಲಿ ಒಬ್ರ ಹಾಜರಿ ಇನ್ನೊಬ್ರು ಕೊಡಾಕ ಬರಂಗಿಲ್ಲಮ್ಮ ಅಂದ್ರು. ನನಗ ಅಳು ಬಂತು. ಹಂಗಾದ್ರ ಹೆಸರು ತಗೀತೀರೇನ್ರಿ ಅಂದೆ. ಅವ್ರು ಹಾಜರಿ ಪುಸ್ತಕ ಮುಚ್ಚಿ, ತಗ್ಯಂಗಿಲ್ಲ, ಮುಂದಿನ ಸೋಮವಾರ ಅಕಿನ ಕಳಸು ಅಂದ್ರು. ಈಗ ನಾ ಏನು ಮಾಡ್ಲಿರಿ ಅಂದೆ." ಅವ್ವನ ದನಿ ಒಡೀತು. "ಕುಂದರು ಅಂದ್ರು."

ನಮಗ ತಿಳೀಲಿಲ್ಲ.

"ಕುಂದರು ಅಂದ್ರೇ ಸೂಗಿ! ಹುಡುಗ್ಯಾರ ಬಾಜೂಕ ಚಾಪಿ ತೋರಿಸಿದ್ರು. ವಾಡೆದಾಗ ಹಾಜರ್ ಅಂದಮ್ಯಾಲ ನನ್ನ ತಲಿ ಮ್ಯಾಲ ಬುಟ್ಟಿ ಹೊರಸ್ತಿದ್ರು, ಕೈಯಾಗ ಒನಕಿ ಕೊಡ್ತಿದ್ರು. ಕುಂದರು ಅಂತ ಇಷ್ಟು ವರ್ಷದಾಗ ಒಬ್ರೂ ಅಂದಿರಲಿಲ್ಲ. ನಾ ಸಾಲಿ ಬಿಡೂತನಕ ಕುಂತೆ. ಅಂಥಾ ಜಾಗಾಕ ಹೋಗಾಕ ನಿನಗ ಬ್ಯಾಸರ ಬರ್ತದೇನೇ?"

ಅವ್ವನ ಕೊರಳಿಗೆ ಬಿದ್ದು ಅತ್ತೆ. ಅಪ್ಪ ಎದ್ದು ತಾ ಸುಟ್ಟ ರೊಟ್ಟಿ ತಂದು ಅಕಿ ಮುಂದ ಇಟ್ಟ.

ವಾರ ಕಳೀತು. ನನ್ನ ಕಾಲಿನ್ನೂ ಪೂರಾ ಮಾಯ್ದಿರಲಿಲ್ಲ. ಸೋಮವಾರ ನಸುಕಿನ್ಯಾಗ ನಾನ ಮೊದಲ ಎದ್ದು, ಜಡಿ ಹಾಕ್ಕೊಂಡು, ಪಾಟಿ ಹಿಡ್ಕೊಂಡು ಬಾಗಲಕ್ಕ ನಿಂತೆ. ನನ್ನ ಕರ್ಕೊಂಡು ಹೋಗಬೇಕಂತ ಅವ್ವ ಲಗುಲಗು ಕಸ ಹೊಡ್ಯಾಕತ್ತಿದ್ಲು. ಅಪ್ಪ ಎತ್ತಿನ ಹಣಿಗೆ ವಿಭೂತಿ ಹಚ್ಚಿ ಬಂದವ ನನ್ನ ಮುಂದ ಕುಕ್ಕರಗಾಲಿಲೆ ಕುಂತ. "ಏರು" ಅಂದ. ನಾ ಅವನ ಹೆಗಲೇರಿದೆ.

"ನಾ ಹೋಗ್ತೀನಲ್ಲ" ಅಂದ್ಲು ಅವ್ವ.

ಅಪ್ಪ ಅಕಿ ಕೈಯಾಗಿನ ಕಸಬರಗಿ ತಗೊಂಡು ಮೂಲ್ಯಾಗ ಇಟ್ಟ. "ನೀ ಕುಂದರು" ಅಂದ.

ಊರ ಅಗಸಿ ಬಾಗಲ ದಾಟೂ ಮುಂದ ನಾ ಹೆಗಲ ಮ್ಯಾಲಿಂದ ಹೊಳ್ಳಿ ನೋಡಿದೆ. ಎಲ್ಲಿ ಕುಂದರಬೇಕಂತ ತಿಳೀದ ನಮ್ಮವ್ವ ಅಂಗಳದಾಗ ನಿಂತ ಇದ್ಲು.