ಗಾಡಿಯ ಬಾಯಿಗೆ ಒಂದು ಚಿಟಿಕೆ

ಹಾರೂಗೇರಿಯ ನನ್ನ ಗ್ಯಾರೇಜಿಗೆ ಸೋನಾಬಾಯಿ ಕಾಕೂ ಮೂರನೆಯ ಸಲ ಬಂದಾಗ ಮಧ್ಯಾಹ್ನ ಮೂರು ಗಂಟೆ, ನನಗೆ ಕಣ್ಣು ಎಳೆಯುವ ಹೊತ್ತು. ಕಬ್ಬೂರಿನಿಂದ ತಾವೇ ಕಾರು ನಡೆಸಿಕೊಂಡು ಬಂದಿದ್ದರು. ಐವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಕಲಿತ ಹೆಂಗಸು.

"ಮತ್ತ ಹತ್ತೈತಿ ನೋಡಪ್ಪಾ ಪಾರಿಸ, ಆ ಎಂಜಿನ್ ದೀಪ. ಇವತ್ತಿಗೆ ಮುಗೀತು. ಇನ್ನ ನಾ ಸ್ಟೇರಿಂಗ್ ಮುಟ್ಟೂದಿಲ್ಲ."

"ಯಾಕ್ರಿ ಕಾಕೂ?"

"ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಬಂದ ಮ್ಯಾಲೆನ ಹತ್ತತೈತಿ. ಬ್ಯಾರೆ ಎಲ್ಲಿ ಹೋದ್ರೂ ಇಲ್ಲ. ಹೆಣಮಗಳು ಗಾಡಿ ಹೊಡಿಯೂದು ಮಲ್ಲಯ್ಯಗ ಸೇರೂದಿಲ್ಲ ಅಂತಾರ ನಮ್ಮನಿಯವರು. ನನಗೂ ಹಂಗ ಅನಸಾಕತ್ತೈತಿ."

ಅವರ ಯಜಮಾನರು ಮುರಗೆಪ್ಪ ಕಾಕಾ ಎಲೆ ನೋಡಿಯೇ ದ್ರಾಕ್ಷಿ ಬಳ್ಳಿಯ ರೋಗ ಹೇಳುವ ಜಾಣರು. ಗಾಡಿಯ ರೋಗಕ್ಕೆ ಮಾತ್ರ ದೇವರನ್ನು ಎಳೆದು ತಂದಿದ್ದರು. ನನಗೆ ಸಿಟ್ಟು ಬಂತು. ಅದರಲ್ಲಿ ಅರ್ಧ ನನ್ನ ಮೇಲೆಯೇ. ಹಿಂದಿನ ಎರಡು ಸಲವೂ ಪೆಟ್ರೋಲ್ ಆವಿ ಎಲ್ಲೋ ಸೋರುತ್ತಿದೆ ಎಂದು ಸ್ಕ್ಯಾನರ್ ತೋರಿಸಿತ್ತು. ಹುಡುಕುವ ಗೋಜಿಗೆ ಹೋಗದೆ ನಾನು ದೀಪ ಆರಿಸಿ ಕಳಿಸಿದ್ದೆ.

ಈ ಸಲ ಹೊಗೆ ಯಂತ್ರ ಹೊರತೆಗೆದೆ. ಟ್ಯಾಂಕಿನ ಕೊಳವೆಗಳೊಳಗೆ ಹೊಗೆ ಬಿಟ್ಟರೆ ಸೋರುವ ಜಾಗದಿಂದ ಅದು ತಾನೇ ಹೊರಗೆ ಬರುತ್ತದೆ; ಕಾಯಬೇಕು, ಅಷ್ಟೇ. ಷಟರ್ ಅರ್ಧ ಎಳೆದು ಗಾಳಿ ತಡೆದೆ. ಕಾಕೂ ಹಳೆಯ ಟೈರಿನ ಮೇಲೆ ಕುಳಿತರು. ಯಂತ್ರ ಜೋಗುಳದ ಹಾಗೆ ಗುಂಯ್ ಅನ್ನುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿನ ಹಾಡು ದೂರ ಹೋಯಿತು, ಮತ್ತೆ ಹತ್ತಿರ ಬಂತು, ಅಥವಾ ಅದು ಬೇರೆ ಟ್ರ್ಯಾಕ್ಟರ್ ಇರಬಹುದು. ಗಾಡಿಯೇ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸಿತು. ನಾವಿಬ್ಬರೂ ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ ಗೊತ್ತಿಲ್ಲ.

ಆಮೇಲೆ ಪೆಟ್ರೋಲ್ ಹಾಕುವ ಮುಚ್ಚಳದ ಸುತ್ತ ಒಂದು ಬಿಳಿ ಎಳೆ ಎದ್ದಿತು. ಬಿಸಿಲಿನ ಪಟ್ಟಿಯೊಳಗೆ ಬಂದು ಬಂಗಾರವಾಯಿತು, ಅವಸರವಿಲ್ಲದೆ ಚಾವಣಿಯ ತಗಡಿನವರೆಗೆ ಏರಿತು. "ದೇವರ ಮುಂದ ಊದ ಹಾಕಿದಂಗ" ಎಂದರು ಕಾಕೂ, ಮೆಲ್ಲಗೆ.

ಮುಚ್ಚಳ ಬಿಚ್ಚಿದೆ. ಅದರ ರಬ್ಬರ್ ಬಳೆಯ ಸುತ್ತ ಹಳದಿ ಕೆಸರು ಗಟ್ಟಿಯಾಗಿ ಕೂತಿತ್ತು. ಮೂಸಿದೆ. ಪೆಟ್ರೋಲ್, ಅದರ ಹಿಂದೆ ಅರಿಸಿನ. ಮಲ್ಲಯ್ಯನ ಗುಡಿಯಲ್ಲಿ ಪ್ರಸಾದವಾಗಿ ಕೊಡುವ ಅರಿಸಿನ ಪುಡಿ, ಭಂಡಾರ.

"ಕಾಕೂ, ಇಲ್ಲಿ ಭಂಡಾರ ಯಾರ ಹಾಕ್ಯಾರ?"

"ನಾನ. ಪ್ರತಿ ಸಲ ಗುಡಿಯಿಂದ ತಂದ ಕೂಡ್ಲೇ ಹಣಿಗೆ ಹಚ್ಚಿ ಬಾಯಾಗ ಒಂದ ಚಿಟಿಕಿ ಹಾಕತೀವಲ್ಲ. ಎತ್ತಿಗೂ ಹಾಕತೀವಿ. ಗಾಡಿ ಬಾಯಿ ಅಂದ್ರ ಅದ ಅಲ್ಲೇನು?"

ನಗು ಬಂದದ್ದು ನಿಜ. ಅವರ ಮುಖ ನೋಡಿ ನುಂಗಿದೆ. ಭಂಡಾರ ಕೂತರೆ ಮುಚ್ಚಳ ಬಿಗಿಯಾಗುವುದಿಲ್ಲ, ಆವಿ ಸೋರುತ್ತದೆ, ದೀಪ ಹತ್ತುತ್ತದೆ ಎಂದು ತಿಳಿಸಿ ಹೇಳಿದೆ. ರಬ್ಬರ್ ಒರೆಸಿ, ಮುಚ್ಚಳ ಬಿಗಿದು, ಇನ್ನೊಮ್ಮೆ ಹೊಗೆ ಬಿಟ್ಟು ತೋರಿಸಿದೆ. ಎಲ್ಲಿಂದಲೂ ಹೊರಗೆ ಬರಲಿಲ್ಲ.

"ಅಂದ್ರ ಮಲ್ಲಯ್ಯಗ ಸಿಟ್ಟಿಲ್ಲ?"

"ಇಲ್ರಿ. ಗಾಡಿಗೆ ಹಣಿಗಷ್ಟ ಹಚ್ರಿ, ಸಾಕು."

ಕಾಕೂ ಮುಚ್ಚಳದ ಮೇಲೆ ಬೆರಳಾಡಿಸಿದರು.

"ಒಂಬತ್ತ ಐತವಾರ ಉಪಾಸ ಮಾಡೀನಿ ಪಾರಿಸ, ತಪ್ಪಾತ ತಪ್ಪಾತ ಅಂತ. ಏನ ತಪ್ಪ ಅಂತ ತಿಳೀದನ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮೊದಲ ಸಲವೇ ಮುಚ್ಚಳ ಬಿಚ್ಚಿ ನೋಡಿದ್ದರೆ ಎರಡು ನಿಮಿಷದ ಕೆಲಸ. ತಪ್ಪು ನಂದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಸ್ಟೇರಿಂಗ್ ಮುಂದೆ ಕುಳಿತು ಮನೆಗೆ ಫೋನ್ ಹಚ್ಚಿದ್ದರು.

"ರೊಟ್ಟಿ ಬುಟ್ಟ್ಯಾಗ ಅದಾವು, ನೀವ ಹಾಕ್ಕೊಂಡ ಉಣ್ರಿ. ನಾ ಮಂಗಸೂಳಿಗೆ ಹೊಂಟೀನಿ. ಹೂಂ, ನಾನ ಹೊಡ್ಕೊಂಡ."