ಹರಿನಾರಾಯಣರ ಕೆಂಪು ಪೆನ್ಸಿಲು

"ಪ್ರೊ, ಬೇ, ಷ, ನರ್. ನಾಲ್ಕು ತುಂಡು," ಎಂದು ಹರಿನಾರಾಯಣ ಮಾಸ್ಟ್ರು ಕೈಯಲ್ಲಿದ್ದ ಇಂಗ್ಲಿಷ್ ಕಾಗದದಿಂದ ಒಂದು ಶಬ್ದ ಹೆಕ್ಕಿ, ಜಗಲಿಯಿಂದ ನಾಲ್ಕು ಬೆರಳು ಎತ್ತಿ ತೋರಿಸಿದರು. "ಮೂಲ ಎಲ್ಲಿಯದ್ದು, ಗೊತ್ತುಂಟಾ ಹೊನ್ನಯ್ಯ? ಲ್ಯಾಟಿನ್. ಪ್ರೊಬಾರೆ ಅಂದರೆ ಪರೀಕ್ಷೆ ಮಾಡಿ ನೋಡುವುದು."

ಅಂಗಳದಲ್ಲಿ ನಿಂತಿದ್ದ ಹೊನ್ನಯ್ಯನಿಗೆ ಗೊತ್ತಿರಲಿಲ್ಲ. ಗೊತ್ತಿರುವುದಿಲ್ಲವೆಂದೇ ಮಾಸ್ಟ್ರು ಕೇಳಿದ್ದು. ಮಗಳು ರಾಜೀವಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುವ ಪ್ರೊಬೇಷನರಾಗಿ ಜಾಗ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. ಅವಳು ಪಕ್ಕದಲ್ಲೇ ಸೆರಗಿನ ತುದಿ ಹಿಡಿದು ನಿಂತಿದ್ದಳು.

ಬೆಳ್ಳೂರಿನಲ್ಲಿ ಇಂಗ್ಲಿಷ್ ನಿಘಂಟು ಇದ್ದದ್ದು ಇದೊಂದೇ ಮನೆಯಲ್ಲಿ. ಶಾಲೆಯಿಂದ ನಿವೃತ್ತರಾದ ಮೇಲೆ ಮಾಸ್ಟ್ರಿಗೆ ಅದನ್ನು ತೆರೆಯುವುದು, ಮುಚ್ಚುವುದು ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಇಂಗ್ಲಿಷ್ ಕಾಗದ ಯಾರ ಹೆಸರಿಗೇ ಬರಲಿ, ಪೋಸ್ಟ್‌ಮ್ಯಾನ್ ವಾಸಪ್ಪ ನೇರ ಅವರ ಜಗಲಿಗೇ ತಂದು ಹಾಕುತ್ತಿದ್ದ. ಓದಿಸಲು ಹೇಗೂ ಅಲ್ಲಿಗೇ ಬರಬೇಕಲ್ಲ ಎನ್ನುತ್ತಿದ್ದ. ತನಗೆ ಎರಡು ಗುಡ್ಡ ಹತ್ತುವುದು ತಪ್ಪುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಇಷ್ಟೊಂದು ತಲೆಗಳು ಬಗ್ಗಿದರೆ ಎಂಥವನೂ ಪಂಡಿತನಾಗಿಬಿಡುತ್ತಾನೆ. ಈ ಕಾಗದ ಬಂದ ಸುದ್ದಿಯೂ ನಿನ್ನೆ ವಾಸಪ್ಪ ದಾರಿಯಲ್ಲಿ ಸಿಕ್ಕಿ ಹೇಳಿದ ಮೇಲೆಯೇ ಅಪ್ಪ ಮಗಳಿಗೆ ಗೊತ್ತಾದದ್ದು.

"ಹಾಸ್ಪಿಟಲ್ ಇನ್ನೂ ಚಂದದ ಶಬ್ದ," ಮಾಸ್ಟ್ರು ಮುಂದುವರಿಸಿದರು. "ಮೂಲದಲ್ಲಿ ಅತಿಥಿ ಅಂತ ಅರ್ಥ. ಮನೆಗೆ ಬಂದವರನ್ನು ಕುಳ್ಳಿರಿಸಿ ಉಪಚಾರ ಮಾಡುವುದು."

ಅಪ್ಪ ಮಗಳು ಬಿಸಿಲಲ್ಲಿ ನಿಂತೇ ಇದ್ದರು.

"ಜಾಗ ಸಿಕ್ಕಿತಾ ಮಾಸ್ಟ್ರೇ?" ಹೊನ್ನಯ್ಯ ಮೂರನೆಯ ಸಲ ಕೇಳಿದ.

"ಸಿಕ್ಕಿದೆ ಮಾರಾಯ. ಸಿಗದೆ ಎಂತ? ಅರ್ಜಿ ಬರೆದದ್ದು ನಾನಲ್ಲವಾ?"

ಹೊನ್ನಯ್ಯ ಕೈ ಮುಗಿದ. ರಾಜೀವಿ ಮೆಟ್ಟಿಲು ಹತ್ತಿ ಕೈ ಚಾಚಿದಳು. ಕಾಗದದ ಅಂಚು ಕಾಣದಷ್ಟು ಕೆಂಪು ಪೆನ್ಸಿಲಿನ ಟಿಪ್ಪಣಿಗಳು. ಒಂದೊಂದು ಶಬ್ದವನ್ನೂ ಕೋಳಿ ಕೊಯ್ದ ಹಾಗೆ ತುಂಡು ಮಾಡಿ ಇಟ್ಟಿದ್ದರು. ಎಂಟನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಅವಳಿಗೆ ಆ ಭಾಷೆ ಬಾರದು, ಆದರೆ ಅಂಕಿ ಬರುತ್ತಿತ್ತು. ಪೆನ್ಸಿಲು ಮುಟ್ಟದೆ ಬಿಟ್ಟಿದ್ದ ಒಂದೇ ಒಂದು ಜಾಗದಲ್ಲಿ 12-1-51 ಎಂದಿತ್ತು.

"ಹನ್ನೆರಡಕ್ಕೆ ಎಂತ ಉಂಟು ಮಾಸ್ಟ್ರೇ?"

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದರು.

"ಅಂದು ಹಾಜರಾಗಬೇಕಂತೆ."

"ಇವತ್ತು ಹದಿನೇಳು. ಕಾಗದ ಬಂದು ಎಷ್ಟು ದಿನ ಆಯ್ತು?"

"ಹದಿನೈದು ದಿನ ಆಗಿರಬಹುದು. ಮೂಲ ನೋಡದೆ ಅರ್ಥ ಹೇಳ್ಲಿಕ್ಕೆ ಆಗ್ತದಾ? ನೀವಾದರೂ ಬಂದು ಕೇಳಬೇಕಿತ್ತು." ನಿಘಂಟನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದು ಅರ್ಜಿ ಬರೆದುಕೊಡ್ತೇನೆ. ಒಳ್ಳೆಯ ಇಂಗ್ಲಿಷಲ್ಲಿ," ಎಂದರು.

"ಬೇಡ. ನೀವು ನಿಘಂಟು ನೋಡಿಕೊಳ್ಳಿ."

ಮಗಳ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಹೊನ್ನಯ್ಯ ಹೆದರಿ ಮಾಸ್ಟ್ರಿಗೆ ಇನ್ನೊಮ್ಮೆ ಕೈ ಮುಗಿದ. ರಾಜೀವಿಗೆ ಮಾಸ್ಟ್ರ ಮೇಲೆ ಬಂದಷ್ಟೇ ಸಿಟ್ಟು ಅಪ್ಪನ ಮೇಲೂ ಬಂತು.

ಅಂದೇ ಅವಳು ಒಂದು ಕಾರ್ಡಿನಲ್ಲಿ ಕನ್ನಡದಲ್ಲೇ ನಡೆದದ್ದನ್ನು ಆಸ್ಪತ್ರೆಗೆ ಬರೆದು ಹಾಕಿದಳು. ಎಂಟು ದಿನಕ್ಕೆ ಕನ್ನಡದಲ್ಲೇ ಉತ್ತರ ಬಂತು. ನಿನ್ನ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿದೆ, ಮುಂದಿನ ಜನವರಿಗೆ ಹೆಸರು ಬರೆದುಕೊಂಡಿದ್ದೇವೆ, ಇಲ್ಲಿ ನಾವೆಲ್ಲ ಕನ್ನಡ ಓದುವವರೇ, ಮೊದಲೇ ಕನ್ನಡದಲ್ಲಿ ಬರೆಯಬಹುದಿತ್ತಲ್ಲ ಎಂದಿತ್ತು. ಅದನ್ನು ಓದಿ ಅವಳು ಕೊಟ್ಟಿಗೆಯ ಹಿಂದೆ ಹೋಗಿ ಅತ್ತಳು. ಬರಿಯ ಒಬ್ಬನ ದೊಡ್ಡಸ್ತಿಕೆಗೆ ಒಂದು ವರ್ಷ ಹೋಯಿತು.

ಡಿಸೆಂಬರಿನಲ್ಲಿ ಆಸ್ಪತ್ರೆಯ ಇಂಗ್ಲಿಷ್ ಲಕೋಟೆ ಬಂದಾಗ ವಾಸಪ್ಪನ ಕಾಲು ಅಭ್ಯಾಸದಂತೆ ಮಾಸ್ಟ್ರ ಮನೆಯ ಕಡೆಗೇ ತಿರುಗಿತು. ಒಂದು ವಾರದಿಂದ ದಾರಿ ಕವಲೊಡೆಯುವಲ್ಲೇ ಹುಲ್ಲು ಕೊಯ್ಯುತ್ತಿದ್ದ ರಾಜೀವಿ ಕತ್ತಿ ಕೆಳಗಿಟ್ಟು ಕೈ ಚಾಚಿದಳು.

"ಓದ್ಲಿಕ್ಕೆ ಮಾಸ್ಟ್ರು ಬೇಡವಾ?" ಎಂದ ವಾಸಪ್ಪ.

"ನನ್ನ ಹೆಸರಿಗೆ ಬಂದದ್ದಲ್ಲವಾ? ಕೊಡಿ."

ಮೇಲೆ ಜಗಲಿಯಲ್ಲಿ ಮಾಸ್ಟ್ರು ಎದ್ದು ನಿಂತಿದ್ದರು. ಕಿವಿಯ ಮೇಲೆ ಕೆಂಪು ಪೆನ್ಸಿಲು ಇತ್ತು. ರಾಜೀವಿ ಅತ್ತ ತಿರುಗಲಿಲ್ಲ. ಕೈಗೆ ಹತ್ತಿದ್ದ ಹುಲ್ಲನ್ನು ಸೀರೆಗೆ ಒರೆಸಿಕೊಂಡು ಲಕೋಟೆ ಒಡೆದು, ಸಾಲು ಸಾಲಾಗಿ ಬೆರಳಿಟ್ಟು ಅಂಕಿ ಎಲ್ಲಿದೆಯೆಂದು ಹುಡುಕತೊಡಗಿದಳು.